ಮೊದಲಿಂದ ಶುರು ಮಾಡಬೇಡಿ

ನನ್ನ ಬಳಿ ಸಲಹೆಗೆ ಬಂದವರು ಕೋಲಾರದ ಟೊಮೆಟೊ ಮಂಡಿಯ ವ್ಯಾಪಾರಿ. ವಯಸ್ಸು ಐವತ್ತರ ಮೇಲೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಮೊಣಕಾಲು ನೋವಿಗೆ ಒಳ್ಳೆಯದು ಅಂತ ಮಗಳು ತಾಯ್ ಚಿ ಎಂಬ ನಿಧಾನ ಚಲನೆಗಳ ಚೀನೀ ವ್ಯಾಯಾಮ ಹೇಳಿಕೊಟ್ಟಿದ್ದಳು. 1956ರಲ್ಲಿ ಚೀನಾದಲ್ಲಿ ಎಲ್ಲರಿಗೂ ಸುಲಭವಾಗಲಿ ಎಂದು ರೂಪಿಸಿದ 24 ಚಲನೆಗಳ ಸರಣಿ ಅವಳು ಕಲಿಸಿದ್ದು. ನಿಧಾನವಾಗಿ ಮಾಡಿದರೂ ಐದಾರು ನಿಮಿಷದ್ದು. ಇವರಿಗೆ ಮುಕ್ಕಾಲು ಗಂಟೆ ಹಿಡಿಯುತ್ತಿತ್ತು.

"ಕೈ ಎತ್ತಿದರೆ ಸಾಕು ಮೇಡಂ, ಇವತ್ತು ಬಾಕ್ಸ್ ಎಷ್ಟಕ್ಕೆ ಹೋಗ್ತದೋ ಅನ್ನೋ ಯೋಚನೆ. ಮನಸ್ಸು ಓಡಿತು ಅಂತ ಗೊತ್ತಾದ ಕೂಡಲೇ ಮತ್ತೆ ಮೊದಲಿಂದ ಶುರು ಮಾಡ್ತೀನಿ. ಒಂದು ದಿನಾನೂ ಪೂರ್ತಿ ಆಗಿಲ್ಲ." ಹೇಳುತ್ತಾ ತಲೆ ತಗ್ಗಿಸಿದರು. ನನಗೆ ಸಂಕಟವಾಯಿತು. 2023ರ ಜುಲೈನಲ್ಲಿ 15 ಕೆಜಿ ಬಾಕ್ಸ್ ಎರಡು ಸಾವಿರ ದಾಟಿದ್ದನ್ನು ಕಂಡವರು. ಕೇಳುವವರಿಲ್ಲದೆ ಹಣ್ಣನ್ನು ರಸ್ತೆ ಬದಿಗೆ ಸುರಿದದ್ದನ್ನೂ ಕಂಡವರು. ಅಂಥ ಮನಸ್ಸು ದರದ ಹಿಂದೆ ಹೋಗೋದು ಸಹಜ ಅಲ್ವಾ?

ಮೊದಲ ವಾರ ನಾನೇ ತಪ್ಪಿದೆ. ಉಸಿರು ಎಣಿಸಿ ಅಂದೆ. ನಾಲ್ಕು, ಐದು ಅನ್ನುವಷ್ಟರಲ್ಲಿ ಅವರು ಬಾಕ್ಸ್ ಎಣಿಸುತ್ತಿದ್ದರಂತೆ! ಲೆಕ್ಕದಲ್ಲೇ ಬದುಕಿದವರಿಗೆ ಅಂಕಿ ಕೊಡಬಾರದಿತ್ತು.

ಎರಡನೇ ಸಲ ಅವರನ್ನು ಬರಿಗಾಲಲ್ಲಿ ನಿಲ್ಲಿಸಿದೆ. ಸರಣಿಯಲ್ಲಿ 'ಮೋಡದ ಕೈಗಳು' ಅಂತ ಒಂದು ಚಲನೆ ಇದೆ. ಭಾರ ಒಂದು ಕಾಲಿಂದ ಇನ್ನೊಂದಕ್ಕೆ ಮೆಲ್ಲಗೆ ದಾಟುತ್ತದೆ. ಅದೊಂದನ್ನೇ ಮಾಡಿಸಿದೆ. "ಈಗ ಭಾರ ಎಲ್ಲಿದೆ?" ಅಂತ ಕೇಳಿದೆ. ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಸುಮ್ನಿದ್ದರು. "ಎಡಗಾಲು. ಹಿಮ್ಮಡಿ ಹತ್ರ. ಈಗ ಹೆಬ್ಬೆರಳಿಗೆ ಬಂತು." ಆ ಹೊತ್ತು ಮಂಡಿಯ ದರ ನೆನಪಾಗಲಿಲ್ಲ.

ಕೊಟ್ಟ ಸಲಹೆ ಇಷ್ಟೇ. ಮನಸ್ಸು ಓಡಿದ್ದು ತಿಳಿದರೆ ನಿಲ್ಲಿಸಬೇಡಿ, ಹಿಂದಕ್ಕೆ ಹೋಗಬೇಡಿ. ಕೈ ಎಲ್ಲಿದೆಯೋ ಅಲ್ಲಿಂದಲೇ ಮುಂದುವರಿಸಿ, ಗಮನವನ್ನು ಅಂಗಾಲಿಗೆ ತನ್ನಿ. ಹಾಗೆ ತರುವುದೇ ಅಭ್ಯಾಸ. ದರದ ಫೋನ್ ಬರುವ ಮೊದಲೇ ಮಾಡಿ ಮುಗಿಸಿ. 2010ರ ಹಾರ್ವರ್ಡ್ ಅಧ್ಯಯನವೊಂದನ್ನೂ ಹೇಳಿದೆ. 2,250 ಜನರನ್ನು ಆಗಾಗ ಫೋನಿನಲ್ಲಿ ಕೇಳಿ ನೋಡಿದಾಗ, ಶೇ. 47ರಷ್ಟು ಹೊತ್ತು ಅವರ ಮನಸ್ಸು ಮಾಡುತ್ತಿದ್ದ ಕೆಲಸದಲ್ಲಿ ಇರಲಿಲ್ಲ. "ಹಂಗಾದ್ರೆ ನಂಗೊಬ್ಬನಿಗೇ ಅಲ್ಲ" ಅಂದರು.

ತಿಂಗಳ ನಂತರ ಬಂದರು. ಮನಸ್ಸು ಈಗಲೂ ಓಡುತ್ತದೆ, ಆದರೆ ಸರಣಿ ದಿನಾ ಪೂರ್ತಿಯಾಗುತ್ತಿದೆ. ಎದ್ದು ಹೊರಡುವಾಗ ಬಾಗಿಲ ಹತ್ತಿರ ನಿಂತು, ರಾತ್ರಿ ನಿದ್ದೆ ಕೆಡಿಸುತ್ತಿರುವ ಸಾಲದ ವಿಷಯ ಮೊದಲ ಸಲ ಹೇಳಿದರು. ಅವರನ್ನು ಮತ್ತೆ ಕೂರಿಸಿದೆ.