ದಪ್ಪ ಪದರವೆಲ್ಲ ಬಿಸಿಲಿನದ್ದಲ್ಲ

ಓದುಗರೊಬ್ಬರು, ಶಿರಹಟ್ಟಿ ತಾಲ್ಲೂಕು: ‘ದಪ್ಪ ಪದರವೆಂದರೆ ಬಿಸಿ ಬೇಸಿಗೆ’ ಎಂದು ಉತ್ತರ ಧ್ರುವದ ಕೆರೆಗಳ ತಳದ ಹೂಳಿನ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ನಮ್ಮೂರ ಕೆರೆಯಲ್ಲಿ ಹೂಳು ತುಂಬಿದ್ದು ಮೇಲಿನ ಗೋಮಾಳ ಉತ್ತಿದ್ದರಿಂದ. ಅಲ್ಲಿಯೂ ಹಾಗೇ ಆಗಿರಬಾರದೇಕೆ? ಹವಾಮಾನ ಹಿಂದೆಯೂ ಬದಲಾಗಿದೆಯಲ್ಲ?

ಸಂಪಾದಕರ ಉತ್ತರ: ಆ ವಾಕ್ಯ ತಪ್ಪು, ತಿದ್ದಿಕೊಳ್ಳುತ್ತೇವೆ. ಬೇಸಿಗೆಯಲ್ಲಿ ಕೆರೆಗೋಡು ಹೇರಿ ಹೊಲಕ್ಕೆ ಹಾಕುವವರಿಗೆ ಗೊತ್ತಿರುವುದು ನಮ್ಮ ಕಣ್ತಪ್ಪಿತು. ಮಣ್ಣು ಬಂದಿದೆ ಎಂದಷ್ಟೇ ಹೂಳು ಹೇಳುತ್ತದೆ. ಯಾಕೆ ಬಂತೆಂದು ಬೇರೆಯೇ ವಿಚಾರಿಸಬೇಕು.

ಅಲ್ಲಿನ ಕೆಲವು ಕೆರೆಗಳಲ್ಲಿ ವರ್ಷಕ್ಕೊಂದು ಜೋಡಿ ಪದರ ಕೂಡುತ್ತದೆ. ಹಿಮ ಕರಗಿದಾಗ ಹಳ್ಳ ತಂದ ರೇವೆ ಮೊದಲು ತಳ ಸೇರುತ್ತದೆ. ಮೇಲೆ ಮಂಜುಗಡ್ಡೆ ಕಟ್ಟಿದ ಬಳಿಕ, ಅಲುಗದ ನೀರಿನಲ್ಲಿ ಜೇಡಿಯ ಕಣಗಳು ತಿಂಗಳುಗಟ್ಟಲೆ ಇಳಿಯುತ್ತವೆ. ನಮ್ಮ ಕೆರೆ ಬತ್ತಿದರೆ ಎರೆಮಣ್ಣು ಬಿರಿದು ಮೇಲಿನದು ಕೆಳಗೆ ಉದುರುತ್ತದೆ. ಆಳವಾದ ಆ ಕೆರೆಗಳಲ್ಲಿ ಹಾಗಾಗದು, ಎಣಿಸಬಹುದು. ಎಣಿಕೆ ಸರಿಯೇ ಎಂದು ನೋಡಲು, 1963ರ ಸುಮಾರಿಗೆ ಅಣುಬಾಂಬ್ ಪರೀಕ್ಷೆಗಳಿಂದ ಉದುರಿದ ಸೀಸಿಯಂ-137 ಎಂಬ ವಿಕಿರಣ ಸೂಸುವ ವಸ್ತು ಯಾವ ಪದರದಲ್ಲಿದೆಯೆಂದು ಹುಡುಕುತ್ತಾರೆ.

ವರ್ಷವೇನೋ ಸಿಕ್ಕಿತು. ದಪ್ಪಕ್ಕೆ ಕಾರಣ ಬಿಸಿ ಬೇಸಿಗೆಯೋ, ಹಿಂದಿನ ಚಳಿಗಾಲದ ಭಾರೀ ಹಿಮವೋ, ಒಂದೇ ದಿನದ ಜಡಿಮಳೆಯೋ? ನಿಮ್ಮ ಸಂಶಯ ನಿಜವಾದ ಕೆರೆಯೂ ಇದೆ, ಫಿನ್‌ಲ್ಯಾಂಡಿನ ಕೊರ್ಟ್ಟಾಯಾರ್ವಿ. ಬೇಸಾಯ, ಸೇತುವೆ ಕೆಲಸಗಳಿಂದ ಅದರ ಮೇಲಿನ ಪದರಗಳು ಕೆಟ್ಟಿವೆ ಎಂದು ಅದನ್ನು ಕೊರೆದು ನೋಡಿದವರೇ 2003ರಲ್ಲಿ ಬರೆದಿದ್ದರು. ಉತ್ತರ ಧ್ರುವದ ಹಿಂದಿನ ಉಷ್ಣತೆ ಅಳೆಯಹೊರಟ 2009ರ ಅಧ್ಯಯನವೊಂದು 1800ರ ಈಚಿನ ಪದರಗಳನ್ನು ಬಿಟ್ಟೇ ಅದನ್ನು ಬಳಸಿತು. ಆದರೂ ಬೆಚ್ಚಗಿನದನ್ನು ತಣ್ಣಗೆಂದು ತಲೆಕೆಳಗಾಗಿ ಓದಿ, ಆಮೇಲೆ ತಿದ್ದುಪಡಿ ಪ್ರಕಟಿಸಿತು.

ಅಲ್ಲಿ ಬಿಸಿ ಏರಿದ್ದು ನಿಜವೆಂದು ನನ್ನನ್ನು ಒಪ್ಪಿಸಿದ್ದು ಕೆನಡಾದ ಎಲ್ಸ್‌ಮಿಯರ್ ದ್ವೀಪದ ಪುಟ್ಟ ಕೊಳಗಳು. ಅವುಗಳ ಹೂಳಿನಲ್ಲಿ ಡಯಾಟಮ್‌ಗಳ, ಎಂದರೆ ಗಾಜಿನಂಥ ಚಿಪ್ಪಿನ ಸೂಕ್ಷ್ಮ ಪಾಚಿಗಳ ಅವಶೇಷ ಉಳಿದಿವೆ. ಸಾವಿರಾರು ವರ್ಷ ಹೆಚ್ಚುಕಡಿಮೆ ಒಂದೇ ಬಗೆಯಾಗಿದ್ದ ಅವು 19ನೇ ಶತಮಾನದಿಂದೀಚೆಗೆ ಹಠಾತ್ತನೆ ಬದಲಾದವೆಂದು 1994ರಲ್ಲಿ ವರದಿಯಾಯಿತು. ಮಂಜುಗಡ್ಡೆ ಕರಗಿ ನೀರು ಹೆಚ್ಚು ದಿನ ತೆರೆದಿದ್ದರೆ ಒಳಗೆ ಬೆಳೆಯುವ ಪಾಚಿಯ ಜಾತಿಯೇ ಬೇರೆಯಾಗುತ್ತದೆ. ಅಲ್ಲಿ ಉಳಲು ಹೊಲವೇ ಇಲ್ಲ.

ಹವಾಮಾನ ಹಿಂದೆಯೂ ಬದಲಾಗಿದೆ, ಒಪ್ಪಿದೆ. ಅದಕ್ಕೂ ಯಾಕೆ ಎಂದು ಕೇಳೋಣ. ಭೂಮಿಯ ಕಕ್ಷೆ ಮತ್ತು ಓರೆ ನಿಧಾನವಾಗಿ ಬದಲಾಗುವುದರಿಂದ ಉತ್ತರ ಧ್ರುವದ ಬೇಸಿಗೆಯ ಬಿಸಿಲು ಸಾವಿರಾರು ವರ್ಷಗಳಿಂದ ಕಡಿಮೆಯಾಗುತ್ತಿದೆ. ಅದಕ್ಕೆ ತಕ್ಕಂತೆ ಸುಮಾರು 2000 ವರ್ಷ ಅಲ್ಲಿ ತಂಪು ಹೆಚ್ಚುತ್ತಾ ಬಂದಿತ್ತೆಂದು ಕೆರೆಯ ಹೂಳು, ಮರದ ಉಂಗುರ, ಹಿಮದ ಪದರ ಮೂರನ್ನೂ ಜೋಡಿಸಿ ಕಂಡದ್ದು ಅದೇ 2009ರ ಅಧ್ಯಯನ. ತಿದ್ದುಪಡಿಯ ನಂತರವೂ ಅದು ನಿಂತಿತು. 20ನೇ ಶತಮಾನದಲ್ಲೂ ಆ ಬಿಸಿಲು ಇಳಿಯುತ್ತಲೇ ಇತ್ತು. ಉಷ್ಣತೆ ಮಾತ್ರ ಏರಿತು.