ನಿವೃತ್ತ ಶಿಕ್ಷಕರ ಪಿಂಚಣಿಯಿಂದ ಹಳೆಯ ಹಣ ವಸೂಲಿ ಮಾಡಬಹುದಾ? ಈ ವಯಸ್ಸಿನಲ್ಲಿ ಆರೋಗ್ಯ ವಿಮೆ ಸಿಗುತ್ತಾ?

ನೀವು ಕೇಳಿದ್ದು ಎರಡು ವಿಷಯ. ನಿಮ್ಮ ತಂದೆ ಸರ್ಕಾರಿ ಪ್ರಾಥಮಿಕ ಶಾಲೆಯ ಮುಖ್ಯಶಿಕ್ಷಕರಾಗಿ ನಿವೃತ್ತರಾದವರು, ಈಗ 71 ವರ್ಷ. 15 ವರ್ಷದ ಸೇವೆಗೆ ಸಿಗುವ ಕಾಲಮಿತಿ ಬಡ್ತಿಯಲ್ಲಿ ವೇತನ ತಪ್ಪಾಗಿ ನಿಗದಿಯಾಗಿತ್ತು, ಹೆಚ್ಚಿಗೆ ಪಡೆದ 1.86 ಲಕ್ಷ ರೂಪಾಯಿ ಕಟ್ಟಿ, ಇಲ್ಲವಾದರೆ ಪಿಂಚಣಿಯಲ್ಲಿ ಮುರಿದುಕೊಳ್ಳುತ್ತೇವೆ ಅಂತ ಕಚೇರಿಯಿಂದ ಪತ್ರ ಬಂದಿದೆ. ಕಟ್ಟಲೇಬೇಕಾ ಅನ್ನುವುದು ಒಂದು ಪ್ರಶ್ನೆ. ಇನ್ನೊಂದು, ಬಿಪಿ, ಶುಗರ್ ಇರುವ 66 ವರ್ಷದ ತಾಯಿಗೂ ತಂದೆಗೂ ಈಗ ಆರೋಗ್ಯ ವಿಮೆ ಮಾಡಿಸಬಹುದಾ ಅನ್ನುವುದು.

ನಾನೂ ಮೇಷ್ಟ್ರಾಗಿದ್ದು ನಿವೃತ್ತನಾದವನು. ನಮ್ಮ ತಾಲ್ಲೂಕಿನ ನಿವೃತ್ತ ನೌಕರರ ಸಂಘದಲ್ಲಿ ಕಾಗದಪತ್ರದ ಕೆಲಸ ನನ್ನ ಪಾಲಿಗೆ ಬಂದಿದೆ. ಇಂಥ ವಸೂಲಿ ಪತ್ರ ಹಿಡಿದುಕೊಂಡು ಬರುವವರನ್ನು ಆಗಾಗ ನೋಡುತ್ತೇನೆ. ಅವರಲ್ಲಿ ಅರ್ಧ ಜನ ಹೆದರಿ ಆಗಲೇ ಹಣ ಕಟ್ಟಿರುತ್ತಾರೆ. ಕಟ್ಟಿದ್ದನ್ನು ವಾಪಸ್ ತರಿಸುವುದು ತುಂಬಾ ಕಷ್ಟ. ಆದ್ದರಿಂದ ಮೊದಲ ಮಾತು: ಸದ್ಯಕ್ಕೆ ಒಂದು ರೂಪಾಯಿಯನ್ನೂ ಕಟ್ಟಬೇಡಿ. ‘ಒಪ್ಪಿದ್ದೇನೆ’ ಅಂತ ಯಾವ ಕಾಗದಕ್ಕೂ ತಂದೆಯವರು ಸಹಿ ಹಾಕುವುದು ಬೇಡ.

ಕಾರಣ ಹೇಳುತ್ತೇನೆ. 2014ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಪಂಜಾಬ್ ಸರ್ಕಾರ ಮತ್ತು ರಫೀಕ್ ಮಸೀಹ್ ಪ್ರಕರಣದಲ್ಲಿ ಇಂಥ ವಸೂಲಿ ಎಲ್ಲೆಲ್ಲಿ ಕೂಡದು ಅಂತ ಬಿಡಿಸಿ ಹೇಳಿತು. ಸಿ ಮತ್ತು ಡಿ ದರ್ಜೆಯ ನೌಕರರಿಂದ ಕೂಡದು. ನಿವೃತ್ತರಾದವರಿಂದ, ಒಂದು ವರ್ಷದೊಳಗೆ ನಿವೃತ್ತರಾಗುವವರಿಂದ ಕೂಡದು. ಆದೇಶಕ್ಕೆ ಮುಂಚೆ ಐದು ವರ್ಷಕ್ಕೂ ಜಾಸ್ತಿ ಕಾಲ ಹೆಚ್ಚುವರಿ ಹಣ ಕೊಡುತ್ತಾ ಬಂದಿದ್ದರೂ ಕೂಡದು. ಪ್ರಾಥಮಿಕ ಶಾಲೆಯ ಶಿಕ್ಷಕರು ಗ್ರೂಪ್ ಸಿ. ನೀವು ಬರೆದಿರುವುದನ್ನು ನೋಡಿದರೆ ತಂದೆಯವರಿಗೆ ಈ ಮೂರೂ ಹೊಂದುತ್ತವೆ.

2022ರ ಮೇ ತಿಂಗಳಲ್ಲಿ ಬಂದ ಥಾಮಸ್ ಡೇನಿಯಲ್ ಪ್ರಕರಣವಂತೂ ಮೇಷ್ಟ್ರದ್ದೇ. ಕೇರಳದ ಶಿಕ್ಷಕರು, 1999ರಲ್ಲಿ ನಿವೃತ್ತರಾದವರು. ಇಂಕ್ರಿಮೆಂಟ್ ತಪ್ಪಾಗಿ ಕೊಟ್ಟಿದ್ದೇವೆ ಅಂತ ಸರ್ಕಾರ ಹಣ ಕೇಳಿತ್ತು. ಅವರು ಸುಳ್ಳು ಹೇಳಿ, ಮೋಸ ಮಾಡಿ ಪಡೆದ ಹಣ ಅಲ್ಲ, ತಪ್ಪು ಲೆಕ್ಕ ಹಾಕಿದ್ದು ಇಲಾಖೆ, ಹಾಗಾಗಿ ನಿವೃತ್ತಿಯಾಗಿ ಇಷ್ಟು ವರ್ಷದ ಮೇಲೆ ವಸೂಲಿ ಸರಿಯಲ್ಲ ಎಂದು ಕೋರ್ಟ್ ಹೇಳಿತು. ನಿಮ್ಮ ತಂದೆಯವರ ವೇತನವನ್ನೂ ಅವರೇ ನಿಗದಿ ಮಾಡಿಕೊಂಡಿರಲಿಲ್ಲ, ಅಲ್ವಾ? ಗುಮಾಸ್ತರು ಬರೆದರು, ಅಧಿಕಾರಿ ಸಹಿ ಹಾಕಿದರು.

ಒಂದು ತೊಡಕು ಇದೆ. ವೇತನ ನಿಗದಿ ಮಾಡುವಾಗ ‘ಹೆಚ್ಚಿಗೆ ಬಂದರೆ ವಾಪಸ್ ಕಟ್ಟುತ್ತೇನೆ’ ಅಂತ ಮುಚ್ಚಳಿಕೆ ಬರೆಸಿಕೊಂಡಿರುತ್ತಾರೆ. ಅಂಥ ಮುಚ್ಚಳಿಕೆ ಕೊಟ್ಟವರಿಂದ ವಸೂಲಿ ಮಾಡಬಹುದು ಅಂತ 2016ರ ಜಗದೇವ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದು ನ್ಯಾಯಾಂಗ ಅಧಿಕಾರಿಯೊಬ್ಬರ ಪ್ರಕರಣ, ಸಿ ದರ್ಜೆಯವರದ್ದಲ್ಲ, ಅಂತ ವಾದಿಸಲು ಜಾಗ ಇದೆ. ಆದರೂ ಮುಚ್ಚಳಿಕೆ ಇದೆಯೋ ಇಲ್ಲವೋ ಅನ್ನುವುದು ಮೊದಲು ಗೊತ್ತಾಗಬೇಕು. ಅದಕ್ಕೆ ಸೇವಾ ಪುಸ್ತಕದ ಪ್ರತಿ ಬೇಕು, ಆ 1.86 ಲಕ್ಷ ಹೇಗೆ ಬಂತು ಅನ್ನುವ ಲೆಕ್ಕದ ಹಾಳೆ ಬೇಕು. ಬಾಯಲ್ಲಿ ಕೇಳಿದರೆ ‘ನಾಳೆ ಬನ್ನಿ ಸಾರ್’ ಅನ್ನುತ್ತಾರೆ. ಆರ್‌ಟಿಐ, ಅಂದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ, ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದ ಗಡುವು. ನಮ್ಮ ರಾಜ್ಯದ ನಿಯಮದಂತೆ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. ಜೀವನವಿಡೀ ಮಕ್ಕಳಿಗೆ ಪತ್ರಲೇಖನ ಹೇಳಿಕೊಟ್ಟವರು ಇಲ್ಲಿ ಎರಡು ಪುಟ ಬರೆದು ಅರ್ಜಿ ತಿರಸ್ಕಾರ ಮಾಡಿಸಿಕೊಳ್ಳುತ್ತಾರೆ!

ಇದರ ಜೊತೆಜೊತೆಗೇ ಪತ್ರ ಕಳಿಸಿದ ಕಚೇರಿಗೆ ಲಿಖಿತ ಆಕ್ಷೇಪಣೆ ಕೊಡಿ. ಆರ್‌ಟಿಐ ಉತ್ತರ ಬರಲಿ ಅಂತ ಕಾಯಬೇಡಿ. ಮೇಲಿನ ತೀರ್ಪುಗಳ ಹೆಸರು, ವರ್ಷ ಬರೆದು, ವಸೂಲಿ ಕೈಬಿಡಿ ಅಂತ ಕೇಳಿ. ಸ್ವೀಕೃತಿಯ ಮೊಹರು, ದಿನಾಂಕ ಹಾಕಿಸಿಕೊಳ್ಳದೆ ವಾಪಸ್ ಬರಬೇಡಿ. ಮೊಹರು ಹಾಕಲು ಹಿಂದೆಮುಂದೆ ನೋಡಿದರೆ ಸ್ಪೀಡ್ ಪೋಸ್ಟ್ ಮಾಡಿ. ಅವರು ಒಪ್ಪದಿದ್ದರೆ ಸರ್ಕಾರಿ ನೌಕರರ ವಿಷಯ ಕೇಳುವ ಜಾಗ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿ, ಅಂದರೆ ಕೆಎಟಿ. ಬೆಂಗಳೂರಲ್ಲಿದೆ, ಬೆಳಗಾವಿ ಮತ್ತು ಕಲಬುರಗಿಯಲ್ಲಿ ಪೀಠಗಳಿವೆ. ಆದೇಶ ಬಂದ ಒಂದು ವರ್ಷದೊಳಗೆ ಹೋಗಬೇಕು. ನಿಜವಾಗಿ ಮುರಿದುಕೊಳ್ಳಲು ಶುರು ಮಾಡುವ ಮೊದಲೇ ಹೋಗಿ ತಡೆ ಕೇಳುವುದು ಒಳ್ಳೆಯದು. ಒಂದು ಮಾತು ತಂದೆಯವರಿಗೆ ಮೊದಲೇ ಹೇಳಿಡಿ: ಹಿಂದಿನ ಹಣ ವಸೂಲಿ ಆಗದಿದ್ದರೂ, ತಪ್ಪು ನಿಜವೇ ಆಗಿದ್ದರೆ ಮುಂದಿನ ಪಿಂಚಣಿಯನ್ನು ಸರಿಪಡಿಸಿ ಸ್ವಲ್ಪ ಇಳಿಸಬಹುದು. ಅದಕ್ಕೂ ನೋಟಿಸ್ ಕೊಟ್ಟು ನಿಮ್ಮ ಮಾತು ಕೇಳಬೇಕು.

ಪಿಂಚಣಿ ಅನ್ನುವುದು ಸರ್ಕಾರ ಕೊಡುವ ಭಿಕ್ಷೆ ಅಲ್ಲ, ಹಕ್ಕು ಅಂತ 1982ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟಿನ ನಕಾರಾ ಪ್ರಕರಣದಲ್ಲೇ ತೀರ್ಮಾನವಾಗಿದೆ. ಆ ದಿನವನ್ನೇ ನಾವು ಪಿಂಚಣಿದಾರರ ದಿನ ಅಂತ ಆಚರಿಸುವುದು. ಸಾಲಗಾರರು ಕೂಡ ಪಿಂಚಣಿಯನ್ನು ಜಪ್ತಿ ಮಾಡಿಸಲು ಆಗುವುದಿಲ್ಲ, 1871ರ ಪಿಂಚಣಿ ಕಾಯ್ದೆಯ 11ನೇ ಕಲಂ ಇದೆ. ಸಹೋದ್ಯೋಗಿಯ ಸಾಲಕ್ಕೆ ಜಾಮೀನು ಹಾಕಿ ನಿದ್ದೆ ಕಳೆದುಕೊಂಡ ಮೇಷ್ಟ್ರುಗಳು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರಿಗಾಗಿ ಈ ಮಾತು. ತಾವೇ ಸಾಲ ತೆಗೆದು ಖಾತೆಯಿಂದ ಕಂತು ಮುರಿದುಕೊಳ್ಳಿ ಅಂತ ಬರೆದುಕೊಟ್ಟಿದ್ದರೆ ಅದು ಬೇರೆ.

ನನ್ನ ಅನುಭವದಲ್ಲಿ ಪಿಂಚಣಿ ಕೈತಪ್ಪುವುದು ಸರ್ಕಾರ ಕಿತ್ತುಕೊಂಡು ಅಲ್ಲ, ನಮ್ಮ ಕಡೆಯ ಕಾಗದ ಸರಿಯಿಲ್ಲದೆ. ಉದಾಹರಣೆಗೆ, ಪಿಪಿಒದಲ್ಲಿ, ಅಂದರೆ ಪಿಂಚಣಿ ಪಾವತಿ ಆದೇಶದಲ್ಲಿ, ಹೆಂಡತಿಯ ಹೆಸರು ‘ಲಕ್ಷ್ಮಮ್ಮ’, ಆಧಾರ್‌ನಲ್ಲಿ ‘ಲಕ್ಷ್ಮೀದೇವಿ’. ಯಜಮಾನರು ಹೋದ ಮೇಲೆ ಕುಟುಂಬ ಪಿಂಚಣಿಗೆ ಓಡಾಡುವಾಗ ಇದು ಗೊತ್ತಾಗುತ್ತದೆ. ನಿಮ್ಮ ತಂದೆ ಇರುವಾಗಲೇ, ಅವರ ಸಹಿಯಲ್ಲೇ, ಇದನ್ನು ಸರಿಮಾಡಿಸಿ. ತಾಯಿಯ ಹುಟ್ಟಿದ ದಿನಾಂಕ ಪಿಪಿಒದಲ್ಲಿ ಇದೆಯಾ ಅಂತ ಇವತ್ತು ರಾತ್ರಿಯೇ ನೋಡಿ. ಕಮ್ಯುಟೇಶನ್, ಅಂದರೆ ಪಿಂಚಣಿಯ ಒಂದು ಭಾಗವನ್ನು ಮೊದಲೇ ಇಡಿಗಂಟಾಗಿ, ತೆಗೆದುಕೊಂಡಿದ್ದರೆ 15 ವರ್ಷಕ್ಕೆ ಆ ಕಡಿತ ನಿಲ್ಲಬೇಕು. ಆ ತಿಂಗಳು ಯಾವುದು ಅಂತ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ, ಯಾರೂ ನೆನಪಿಸದೆ ಇರಬಹುದು.

ಪಿಂಚಣಿದಾರರು ಬದುಕಿದ್ದಾರೆ ಅಂತ ನವೆಂಬರ್‌ನಲ್ಲಿ ಕೊಡುವ ಪ್ರಮಾಣಪತ್ರ, ಜೀವನ್ ಪ್ರಮಾಣ್, ಈಗ ಮೊಬೈಲಿನಲ್ಲೇ ಮುಖ ತೋರಿಸಿ ಮಾಡಬಹುದು. ಬೆರಳಚ್ಚು ಸವೆದುಹೋದವರಿಗೆ ಇದು ದೊಡ್ಡ ಅನುಕೂಲ. ಬೇಕಿದ್ದರೆ ಪೋಸ್ಟ್‌ಮ್ಯಾನ್ ಮನೆಗೆ ಬಂದು 70 ರೂಪಾಯಿಗೆ ಮಾಡಿಕೊಡುತ್ತಾರೆ. ಪಿಂಚಣಿ ಕಚೇರಿಯಿಂದ ಅಂತ ಫೋನ್ ಮಾಡಿ ಒಟಿಪಿ ಕೇಳಿದರೆ ಇಟ್ಟುಬಿಡಿ. ದುಡ್ಡು ಹೋಗಿಯೇ ಹೋದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಇನ್ನು ಆರೋಗ್ಯದ ವಿಷಯ. ನನಗೆ ನಿಜವಾದ ಚಿಂತೆ ಇಲ್ಲಿದೆ. ವಸೂಲಿ ಪತ್ರಕ್ಕೆ ಮನೆಮಂದಿಯೆಲ್ಲ ನಿದ್ದೆಗೆಡುತ್ತಾರೆ, ಒಂದು ಆಂಜಿಯೋಪ್ಲಾಸ್ಟಿ ಅದರ ಎರಡರಷ್ಟು ಹಣ ನುಂಗಬಹುದು ಅನ್ನುವುದು ಯಾರ ತಲೆಗೂ ಬರುವುದಿಲ್ಲ. ಕೆಲಸದಲ್ಲಿರುವ ನೌಕರರಿಗೆ ರಾಜ್ಯ ಸರ್ಕಾರದ ಚಿಕಿತ್ಸಾ ಯೋಜನೆ ಆರೋಗ್ಯ ಸಂಜೀವಿನಿ ಇದೆ. ನಿವೃತ್ತರಿಗೂ ಅಂಥದ್ದೇ ಯೋಜನೆ ‘ಸಂಧ್ಯಾ ಕಿರಣ’ ಅನ್ನುವ ಹೆಸರು ಬಹಳ ದಿನದಿಂದ ಕೇಳುತ್ತಿದ್ದೇವೆ. ಅದನ್ನು ನಂಬಿಕೊಂಡು ವಿಮೆ ಮುಂದೂಡಬೇಡಿ.

ತಂದೆಗೆ 70 ದಾಟಿದೆ. ಆದಾಯ ಎಷ್ಟೇ ಇರಲಿ, 70 ದಾಟಿದವರಿಗೆ ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಅಂತ ಕೇಂದ್ರ ಸರ್ಕಾರ 2024ರ ಅಕ್ಟೋಬರ್ 29ರಂದು ಆಯುಷ್ಮಾನ್ ಯೋಜನೆಯನ್ನು ವಿಸ್ತರಿಸಿತು. ಆದರೆ ಕಾರ್ಡ್ ಕೈಯಲ್ಲಿದ್ದರೆ ಸಾಲದು. ನೀವು ಹೋಗುವ ಆಸ್ಪತ್ರೆಯಲ್ಲಿ ಅದು ನಡೆಯುತ್ತಾ ಅಂತ ಅಲ್ಲಿ ಈ ಯೋಜನೆಗಳ ಮಾಹಿತಿ ಕೊಡುವ ಆರೋಗ್ಯಮಿತ್ರರನ್ನು ಚೆನ್ನಾಗಿರುವಾಗಲೇ ವಿಚಾರಿಸಿ. ನಮ್ಮ ರಾಜ್ಯದ ಆರೋಗ್ಯ ಕರ್ನಾಟಕದಲ್ಲಿ ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30 ಮಾತ್ರ, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ. ಉಳಿದದ್ದು ಕೈಯಿಂದಲೇ.

ಹಾಗಾಗಿ ಖಾಸಗಿ ಪಾಲಿಸಿ ಬೇಕೇಬೇಕು. 65 ದಾಟಿದರೆ ಪಾಲಿಸಿ ಇಲ್ಲ ಅನ್ನುವ ಕಾಲ ಹೋಯಿತು, 2024ರ ಏಪ್ರಿಲ್‌ನಿಂದ ಆ ವಯಸ್ಸಿನ ಮಿತಿ ತೆಗೆದಿದ್ದಾರೆ. ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ ಹೆಚ್ಚೆಂದರೆ ಮೂರು ವರ್ಷ. ಅಂದರೆ ತಾಯಿಗೆ ಈಗ ಮಾಡಿಸಿದರೆ 69ಕ್ಕೆ ಬಿಪಿ, ಶುಗರ್‌ನಿಂದ ಬರುವ ತೊಂದರೆಗೂ ರಕ್ಷಣೆ. ಪ್ರೀಮಿಯಂ ದುಬಾರಿ, ಸುಳ್ಳು ಹೇಳುವುದಿಲ್ಲ. ಆದರೂ 2025ರ ಜನವರಿಯಿಂದ ಹಿರಿಯರ ಪ್ರೀಮಿಯಂ ಅನ್ನು ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚು ಏರಿಸಬೇಕಾದರೆ ಕಂಪನಿ ಮೊದಲು ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ ಜೊತೆ ಮಾತನಾಡಬೇಕು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿಎಸ್‌ಟಿಯೂ ಇಲ್ಲ.

ಏಜೆಂಟ್ ‘ಶುಗರ್ ಬರೆಯೋದು ಬೇಡ ಅಮ್ಮ, ಪ್ರೀಮಿಯಂ ಜಾಸ್ತಿ ಆಗುತ್ತೆ’ ಅಂದರೆ ಆ ಏಜೆಂಟನ್ನೇ ಬದಲಿಸಿ. ಕ್ಲೇಮು ತಿರಸ್ಕಾರವಾಗಲು ಇದೂ ಒಂದು ದೊಡ್ಡ ಕಾರಣ. ಸತತ 60 ತಿಂಗಳು ಕಟ್ಟಿದ ಮೇಲೆ, ಮೋಸ ಸಾಬೀತಾಗದ ಹೊರತು, ಹೇಳಿರಲಿಲ್ಲ ಅಂತ ತಳ್ಳಿಹಾಕುವಂತಿಲ್ಲ. ಆದರೆ ಆ ಐದು ವರ್ಷ ಯಾಕೆ ಜೀವ ಕೈಯಲ್ಲಿ ಹಿಡಿದುಕೊಂಡಿರಬೇಕು? ರೂಮ್ ಬಾಡಿಗೆಗೆ ಮಿತಿ ಇದೆಯಾ, ಬಿಲ್ಲಿನಲ್ಲಿ ನಮ್ಮ ಪಾಲು ಎಷ್ಟು ಅಂತ ನೋಡಿ ಸಹಿ ಹಾಕಿ. ಮಿತಿ ಮೀರಿದ ರೂಮಿಗೆ ಹೋದರೆ ಬರೀ ಬಾಡಿಗೆ ಅಲ್ಲ, ಡಾಕ್ಟರ್ ಫೀಸಿನಲ್ಲೂ ಅದೇ ಪ್ರಮಾಣದಲ್ಲಿ ಕತ್ತರಿಸುತ್ತಾರೆ. ನಿಮ್ಮ ಕಂಪನಿಯ ಗುಂಪು ವಿಮೆಯಲ್ಲಿ ಅಪ್ಪ ಅಮ್ಮನನ್ನು ಸೇರಿಸಿಕೊಳ್ಳಬಹುದಾದರೆ ಸೇರಿಸಿ, ಆದರೆ ಅದೊಂದನ್ನೇ ನಂಬಬೇಡಿ. ನಿಮ್ಮ ಕೆಲಸ ಹೋದ ದಿನ ಅದೂ ಹೋಗುತ್ತದೆ.

ಕ್ಲೇಮು ತಿರಸ್ಕಾರವಾದರೆ ಮೊದಲು ಕಂಪನಿಗೆ ಲಿಖಿತ ದೂರು. ಒಂದು ತಿಂಗಳಲ್ಲಿ ಸರಿಯಾದ ಉತ್ತರ ಬರದಿದ್ದರೆ ವಿಮಾ ದೂರುಗಳನ್ನು ತೀರ್ಮಾನಿಸುವ ಅಧಿಕಾರಿ, ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಬಳಿ ಹೋಗಿ. 50 ಲಕ್ಷದವರೆಗಿನ ವಿವಾದ ಕೇಳುತ್ತಾರೆ, ಶುಲ್ಕ ಇಲ್ಲ, ವಕೀಲರೂ ಬೇಡ. ಒಂದು ವರ್ಷದೊಳಗೆ ಹೋಗಬೇಕು ಅಷ್ಟೇ.

ಕಚೇರಿಯ ಪತ್ರದ ದಿನಾಂಕ, ತಂದೆ ನಿವೃತ್ತರಾದ ದಿನಾಂಕ, ಮುಚ್ಚಳಿಕೆ ಬರೆದುಕೊಟ್ಟ ನೆನಪು ಇದೆಯಾ, ಇಷ್ಟು ಕಾಮೆಂಟಿನಲ್ಲಿ ತಿಳಿಸಿ. ಹೆಸರು, ಪಿಪಿಒ ನಂಬರ್ ಹಾಕಬೇಡಿ. ಆಕ್ಷೇಪಣೆಯ ಕರಡು ಬರೆದುಕೊಡುತ್ತೇನೆ.