ವ್ಯಾಪಾರದ ಕಾನೂನಿನಿಂದ ಸುಸ್ಥಿರ ಅಭಿವೃದ್ಧಿಗೆ ನಿಜಕ್ಕೂ ಪ್ರಯೋಜನ ಇದೆಯೇ?

ವ್ಯಾಪಾರ ಬೆಳೆಸಲೆಂದೇ ಹುಟ್ಟಿದ ಅಂತಾರಾಷ್ಟ್ರೀಯ ಆರ್ಥಿಕ ಕಾನೂನು ಪರಿಸರಕ್ಕೆ ಹೇಗೆ ನೆರವಾದೀತು ಎಂದು ಕೇಳಿದ್ದೀರಿ. ನೆರವಾಗುತ್ತದೆ, ಆದರೆ ಎಲ್ಲರೂ ಎತ್ತಿ ಹೇಳುವ ಪೀಠಿಕೆಯಿಂದಲ್ಲ. ವಿಶ್ವ ವ್ಯಾಪಾರ ಸಂಸ್ಥೆಯನ್ನು (ಡಬ್ಲ್ಯುಟಿಒ) ಸ್ಥಾಪಿಸಿದ 1994ರ ಮರಾಕೇಶ್ ಒಪ್ಪಂದದ ಪೀಠಿಕೆಯಲ್ಲಿ ಸುಸ್ಥಿರ ಅಭಿವೃದ್ಧಿಯ ಪ್ರಸ್ತಾಪವಿದೆ, ನಿಜ. ವಿಧಿಗಳನ್ನು ಅರ್ಥೈಸುವಾಗ ಅದು ಉಪಯೋಗಕ್ಕೆ ಬರುತ್ತದೆ. ಅದೊಂದರಿಂದಲೇ ಯಾರಿಗೂ ಬಾಧ್ಯತೆ ಹುಟ್ಟುವುದಿಲ್ಲ.

ಕೆಲಸಕ್ಕೆ ಬರುವುದು ಗ್ಯಾಟ್‌ನ, ಅಂದರೆ ಸರಕು ವ್ಯಾಪಾರದ ಮೂಲ ಒಪ್ಪಂದದ, ವಿನಾಯಿತಿಗಳನ್ನು ಹೇಳುವ 20ನೇ ವಿಧಿ. ಆಮದು ನಿರ್ಬಂಧವೊಂದು ಸಾಮಾನ್ಯ ನಿಯಮಕ್ಕೆ ವಿರುದ್ಧವಾಗಿದ್ದರೂ ಎರಡು ಪರೀಕ್ಷೆ ದಾಟಿದರೆ ಉಳಿದುಕೊಳ್ಳುತ್ತದೆ. ಮೊದಲು, ಅದು ಜೀವ ಮತ್ತು ಆರೋಗ್ಯದ ರಕ್ಷಣೆಗೆ ಅಗತ್ಯವಾಗಿರಬೇಕು, ಇಲ್ಲವೇ ಬರಿದಾಗಬಲ್ಲ ನೈಸರ್ಗಿಕ ಸಂಪನ್ಮೂಲದ ಸಂರಕ್ಷಣೆಗೆ ಸಂಬಂಧಿಸಿರಬೇಕು. ಎರಡನೆಯದಾದರೆ ಸ್ವದೇಶದ ಉತ್ಪಾದನೆ ಅಥವಾ ಬಳಕೆಯ ಮೇಲೂ ಕಡಿವಾಣ ಇರಲೇಬೇಕು. ಆಮೇಲೆ, ಅದನ್ನು ಜಾರಿ ಮಾಡುವ ರೀತಿಯಲ್ಲಿ ಮನಬಂದ ತಾರತಮ್ಯ ಇರಬಾರದು. ಮುಗ್ಗರಿಸುವುದು ಹೆಚ್ಚಾಗಿ ಇಲ್ಲೇ.

ಸೀಗಡಿ ಪ್ರಕರಣ ನೋಡಿ. ಬಲೆಯಿಂದ ಕಡಲಾಮೆ ಪಾರಾಗುವ ಸಾಧನ ಕಡ್ಡಾಯ ಮಾಡದ ದೇಶಗಳ ಸೀಗಡಿಯನ್ನು ಅಮೆರಿಕ ತಡೆದಾಗ ಭಾರತ, ಮಲೇಷ್ಯಾ, ಪಾಕಿಸ್ತಾನ, ಥಾಯ್ಲೆಂಡ್ ದೂರು ಕೊಟ್ಟವು. 1998ರಲ್ಲಿ ಡಬ್ಲ್ಯುಟಿಒದ ಮೇಲ್ಮನವಿ ಮಂಡಳಿ ಉದ್ದೇಶವನ್ನು ಒಪ್ಪಿತು, ಜಾರಿಯ ರೀತಿಯನ್ನು ಒಪ್ಪಲಿಲ್ಲ. ಕೆರಿಬಿಯನ್ ಕಡೆಯ ದೇಶಗಳಿಗೆ ಮೂರು ವರ್ಷದ ಕಾಲಾವಕಾಶ, ದೂರು ಕೊಟ್ಟವರಿಗೆ ನಾಲ್ಕೇ ತಿಂಗಳು; ಇವರೊಂದಿಗೆ ಗಂಭೀರ ಮಾತುಕತೆಯೂ ನಡೆದಿರಲಿಲ್ಲ. ಅಮೆರಿಕ ನಿಷೇಧ ಕೈಬಿಡಲಿಲ್ಲ, ಮಾರ್ಗಸೂಚಿ ತಿದ್ದಿತು: ನಮ್ಮದೇ ಪದ್ಧತಿ ಬೇಡ, ಅಷ್ಟೇ ಪರಿಣಾಮಕಾರಿಯಾದ ಬೇರೆ ಕ್ರಮವಿದ್ದರೆ ಸಾಕು ಎಂದಿತು, ಮಾತುಕತೆಗೂ ಕೂತಿತು. 2001ರಲ್ಲಿ ಮಲೇಷ್ಯಾದ ಮರು ಆಕ್ಷೇಪ ನಿಲ್ಲಲಿಲ್ಲ. ಹಸಿರು ನಿಯಮದ ಕರಡು ಬರೆಯುವವರು ಈ ಎರಡು ತೀರ್ಪುಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಓದಬೇಕು.

ಸೋಲುವ ಇನ್ನೊಂದು ಜಾಗ ದೇಶೀ ಸಾಮಗ್ರಿಯ ಷರತ್ತು. ಕೆನಡಾದ ಒಂಟಾರಿಯೊ ಪ್ರಾಂತ್ಯದ ವಿದ್ಯುತ್ ಖರೀದಿ ಯೋಜನೆ 2013ರಲ್ಲಿ, ಭಾರತದ ಸೌರ ಮಿಷನ್ 2016ರಲ್ಲಿ ಸೋತದ್ದು ಇದಕ್ಕೇ. ಶುದ್ಧ ವಿದ್ಯುತ್ತಿಗೆ ಪ್ರೋತ್ಸಾಹ ಕೊಟ್ಟಿದ್ದು ತಪ್ಪಾಗಲಿಲ್ಲ, ಸಲಕರಣೆ ಇಲ್ಲಿಯದೇ ಆಗಬೇಕು ಎಂದದ್ದು ತಪ್ಪಾಯಿತು. (ಕೈಗಾರಿಕೆ ಕಟ್ಟಿಕೊಳ್ಳುವುದೂ ಅಭಿವೃದ್ಧಿಯೇ ಅಲ್ಲವೇ ಎಂಬ ತಕರಾರು ನ್ಯಾಯವಾದದ್ದೇ, ಈಗಿನ ನಿಯಮಗಳಲ್ಲಿ ಅದಕ್ಕೆ ಜಾಗ ಕಡಿಮೆ.)

ಹೂಡಿಕೆ ಒಪ್ಪಂದಗಳಲ್ಲಿ ಅಪಾಯ ಬೇರೆ ಥರದ್ದು: ಅಲ್ಲಿ ವಿದೇಶಿ ಕಂಪನಿಯೇ ಸರ್ಕಾರದ ವಿರುದ್ಧ ವ್ಯಾಜ್ಯ ಹೂಡಬಹುದು. ಸಿಗರೇಟು ಪೊಟ್ಟಣದ ಶೇ 80ರಷ್ಟು ಭಾಗದಲ್ಲಿ ಎಚ್ಚರಿಕೆ ಹಾಕಿಸಿದ ಉರುಗ್ವೆ 2016ರಲ್ಲಿ ಸಿಗರೇಟು ಕಂಪನಿ ಫಿಲಿಪ್ ಮಾರಿಸ್ ವಿರುದ್ಧ ಗೆದ್ದಿತು, ಆದರೆ 2010ರಿಂದ ಕಾದಾಡಿ. ಅಷ್ಟು ದೀರ್ಘ ವ್ಯಾಜ್ಯದ ಭಯಕ್ಕೇ ಸಣ್ಣ ದೇಶಗಳು ನಿಯಮ ತರಲು ಹಿಂಜರಿಯುತ್ತವೆ. ಹಾಗಾಗಿ ತಾರತಮ್ಯವಿಲ್ಲದ ಆರೋಗ್ಯ, ಪರಿಸರ ಕ್ರಮಗಳು ಆಸ್ತಿ ಸ್ವಾಧೀನ ಎನಿಸಿಕೊಳ್ಳುವುದಿಲ್ಲ ಎಂದು ಒಪ್ಪಂದದಲ್ಲೇ ಬರೆಯಬೇಕು. ಭಾರತದ 2015ರ ಮಾದರಿ ಹೂಡಿಕೆ ಒಪ್ಪಂದದಲ್ಲಿ ಅದಿದೆ.

ವಿನಾಯಿತಿ ಕೇಳದೆ ನೇರವಾಗಿ ನಿಷೇಧ ಹೇರುವ ದಾರಿಯೂ ಇದೆ. 2022ರ ಜೂನ್‌ನಲ್ಲಿ ಅಂಗೀಕಾರವಾದ ಡಬ್ಲ್ಯುಟಿಒದ ಮೀನುಗಾರಿಕೆ ಸಬ್ಸಿಡಿ ಒಪ್ಪಂದ 2025ರ ಸೆಪ್ಟೆಂಬರ್ 15ರಂದು ಜಾರಿಗೆ ಬಂತು. ಅಕ್ರಮ ಮೀನುಗಾರಿಕೆಗೆ ಕೊಡುವ ಸಬ್ಸಿಡಿಗೆ ಅಲ್ಲಿ ತಡೆ ಇದೆ. ಮೀನುಗಾರಿಕಾ ಸಾಮರ್ಥ್ಯವನ್ನೇ ಅತಿಯಾಗಿ ಹಿಗ್ಗಿಸುವ ಸಬ್ಸಿಡಿಗಳ ಮಾತುಕತೆ ಬಾಕಿ. ಜಾರಿಗೆ ಬಂದ ನಾಲ್ಕು ವರ್ಷದೊಳಗೆ ಸಮಗ್ರ ನಿಯಮ ಆಗದಿದ್ದರೆ, ಡಬ್ಲ್ಯುಟಿಒದ ಸಾಮಾನ್ಯ ಮಂಡಳಿ ಬೇರೆ ತೀರ್ಮಾನ ಮಾಡದ ಹೊರತು, ಒಪ್ಪಂದವೇ ರದ್ದು.